ಟೈಟಾನಿಕ್ ಸಿನಿಮಾದ ತಪ್ಪುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜೇಮ್ಸ್ ಕ್ಯಾಮರೂನ್ 1997ರಲ್ಲಿ ತೆಗೆದ ‘ಟೈಟಾನಿಕ್’ ಬಗ್ಗೆ ಮಾತು ಎತ್ತಿದರೆ ಸಾಕು, ಹತ್ತು ನಿಮಿಷದಲ್ಲಿ ಯಾರಾದರೊಬ್ಬರು ಆ ಹಲಗೆಯ ವಿಷಯ ತೆಗೆಯುತ್ತಾರೆ. ಆಮೇಲೆ ನಕ್ಷತ್ರ, ಆಮೇಲೆ ಮಚ್ಚೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸಿನಿಮಾ ನೋಡದವರು ಇದ್ದರೆ, ಕಥೆಯ ಕೊನೆ ಇಲ್ಲಿ ಗೊತ್ತಾಗಿಬಿಡುತ್ತದೆ. 1912ರಲ್ಲಿ ಹಡಗು ಮುಳುಗುವುದಂತೂ ಎಲ್ಲರಿಗೂ ಗೊತ್ತು ಬಿಡಿ.

## ಮೊದಲು ಸುಲಭದ ಪ್ರಶ್ನೆಗಳು

ಕಂಟಿನ್ಯುಟಿ ತಪ್ಪು ಅಂದ್ರೆ ಏನು? ತಪ್ಪು ಅಂದ್ಮೇಲೆ ಎಲ್ಲಾ ಒಂದೇ ಅಲ್ವಾ?

ಒಂದೇ ಅಲ್ಲ. ಕಂಟಿನ್ಯುಟಿ ತಪ್ಪು ಅಂದರೆ ಸಿನಿಮಾ ತಾನು ತೋರಿಸಿದ್ದನ್ನು ತಾನೇ ಮರೆಯುವುದು. ಒಂದು ಶಾಟ್‌ನಲ್ಲಿ ಲೋಟ ಅರ್ಧ ಖಾಲಿ, ಮುಂದಿನ ಶಾಟ್‌ನಲ್ಲಿ ತುಂಬಿರುತ್ತದೆ. ಒದ್ದೆ ಕೂದಲು ಒಂದು ಕ್ಷಣದಲ್ಲಿ ಒಣಗಿರುತ್ತದೆ. ಇದನ್ನು ಹಿಡಿಯಲು ಯಾವ ಪುಸ್ತಕವನ್ನೂ ಓದಬೇಕಿಲ್ಲ, ರಿಮೋಟ್ ಕೈಯಲ್ಲಿದ್ದರೆ ಸಾಕು.

ವಾಸ್ತವದ ತಪ್ಪು ಬೇರೆ. ಅಲ್ಲಿ ಸಿನಿಮಾದ ಶಾಟ್‌ಗಳು ಒಂದಕ್ಕೊಂದು ಸರಿಯಾಗಿಯೇ ಕೂಡಿಕೊಂಡಿರುತ್ತವೆ. ಹೊರಗಿನ ಜಗತ್ತಿಗೆ ಮಾತ್ರ ಹೊಂದುವುದಿಲ್ಲ. 1912ರಲ್ಲಿ ಇಲ್ಲದೇ ಇದ್ದ ಕೆರೆಯಲ್ಲಿ ಪಾತ್ರ ಮೀನು ಹಿಡಿದಿರುತ್ತದೆ, ಅಂಥದ್ದು. ಇದು ಕಣ್ಣಿಗೆ ಬೀಳುವುದಿಲ್ಲ. ಯಾರೋ ಗೊತ್ತಿದ್ದವರು ಹೇಳಬೇಕು.

ಇವೆರಡೂ ಅಲ್ಲದ ಇನ್ನೊಂದು ಬಗೆ ಇದೆ. ನಿರ್ದೇಶಕನಿಗೆ ಸತ್ಯ ಗೊತ್ತು, ಆದರೂ ಬೇಕಂತಲೇ ಬದಲಾಯಿಸಿರುತ್ತಾನೆ. ಇದನ್ನು ತಪ್ಪಿನ ಪಟ್ಟಿಗೆ ಸೇರಿಸುವ ಮುಂಚೆ ಸ್ವಲ್ಪ ಯೋಚಿಸಬೇಕು.

ಅಷ್ಟು ಕೋಟಿ ಸುರಿದು ಮಾಡಿದ ಸಿನಿಮಾದಲ್ಲಿ ಇಂಥ ತಪ್ಪು ಹೇಗೆ ಉಳಿಯುತ್ತೆ? ನೋಡೋಕೆ ಅಂತಾನೇ ಜನ ಇರ್ತಾರಲ್ಲ?

ಇರುತ್ತಾರೆ. ಹಾಲಿವುಡ್‌ನಲ್ಲಿ ಸ್ಕ್ರಿಪ್ಟ್ ಸೂಪರ್‌ವೈಸರ್ ಅಂತ ಒಬ್ಬರ ಕೆಲಸವೇ ಅದು. ನಮ್ಮ ಕಡೆ ಬಹಳ ಸಲ ಅಸಿಸ್ಟೆಂಟ್ ಡೈರೆಕ್ಟರ್ ಒಬ್ಬರ ತಲೆಗೆ ಬೀಳುತ್ತದೆ. ಯಾವ ಗುಂಡಿ ಹಾಕಿತ್ತು, ಯಾವ ಕೈಯಲ್ಲಿ ಸಿಗರೇಟು ಇತ್ತು, ಮೇಣದಬತ್ತಿ ಎಷ್ಟು ಉರಿದಿತ್ತು, ಎಲ್ಲ ಬರೆದಿಟ್ಟು ಫೋಟೊ ತೆಗೆದಿಡುತ್ತಾರೆ.

ಆದರೆ ಸಿನಿಮಾವನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ‘ಟೈಟಾನಿಕ್’ ತೆಗೆದುಕೊಳ್ಳಿ. ನಾಯಕ ಜ್ಯಾಕ್ ನಾಯಕಿ ರೋಸ್‌ಳ ಚಿತ್ರ ಬರೆಯುವ ದೃಶ್ಯ ಕಥೆಯಲ್ಲಿ ಸಾಕಷ್ಟು ಮುಂದೆ ಬರುತ್ತದೆ. ಆ ಪಾತ್ರಗಳನ್ನು ಮಾಡಿದ ಡಿಕಾಪ್ರಿಯೊ ಮತ್ತು ಕೇಟ್ ವಿನ್ಸ್ಲೆಟ್ ಜೊತೆಯಾಗಿ ಮಾಡಿದ ಮೊದಮೊದಲ ದೃಶ್ಯಗಳಲ್ಲಿ ಅದೂ ಒಂದು. ಕಾರಣ ಇಷ್ಟೇ, ದೊಡ್ಡ ಹಡಗಿನ ಸೆಟ್ ಇನ್ನೂ ಸಿದ್ಧವಾಗಿರಲಿಲ್ಲ. ಹೀಗೆ ಚೂರುಚೂರಾಗಿ ತಿಂಗಳುಗಟ್ಟಲೆ ತೆಗೆದದ್ದನ್ನು ಮೂರು ಗಂಟೆ ಕಾಲು ಹೊತ್ತಿಗೆ ಹೊಲಿಯಬೇಕು.

ಇನ್ನೊಂದು ಕಾರಣ ಎಡಿಟಿಂಗ್ ಟೇಬಲ್ಲಿನದು. ಮೂರನೇ ಟೇಕ್‌ನಲ್ಲಿ ಲೋಟ ಸರಿಯಾಗಿದೆ, ಏಳನೇ ಟೇಕ್‌ನಲ್ಲಿ ಕಣ್ಣೀರು ಸರಿಯಾಗಿದೆ. ಎಡಿಟರ್ ಯಾವುದನ್ನು ಆರಿಸುತ್ತಾರೆ? ಪ್ರತಿ ಸಲವೂ ಕಣ್ಣೀರನ್ನೇ. ಲೋಟ ನೋಡುವವರು ನೂರಕ್ಕೆ ಇಬ್ಬರು ಇರಬಹುದು. ಈ ಸಿನಿಮಾಕ್ಕೆ ಬಂದ 11 ಆಸ್ಕರ್‌ಗಳಲ್ಲಿ ಒಂದು ಎಡಿಟಿಂಗ್‌ಗೇ ಬಂತು. ಕಂಟಿನ್ಯುಟಿ ತಪ್ಪುಗಳನ್ನು ಎಣಿಸಿ ಎಡಿಟಿಂಗ್ ಕೆಟ್ಟದು ಅನ್ನುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ರೋಸ್ ಕೆನ್ನೆ ಮೇಲಿನ ಮಚ್ಚೆ ಆ ಕಡೆಯಿಂದ ಈ ಕಡೆಗೆ ಹೋಗುತ್ತಂತೆ. ಮೇಕಪ್‌ನವರು ಮರೆತರಾ?

ಹಡಗು ಹತ್ತುವ ಹೊತ್ತಿಗೆ ಒಂದು ಕೆನ್ನೆಯಲ್ಲಿ, ಆಮೇಲೆ ಇನ್ನೊಂದರಲ್ಲಿ ಕಾಣುತ್ತದೆ ಅಂತ ಜನ ಹಿಡಿದಿದ್ದಾರೆ. ಮೇಕಪ್‌ನವರನ್ನು ಬೈಯುವ ಮುಂಚೆ ಸೆಟ್‌ನ ಕಥೆ ಕೇಳಿ. ನನಗೆ ಈ ಸಿನಿಮಾದಲ್ಲಿ ತುಂಬಾ ಇಷ್ಟವಾದ ಕಥೆಯೇ ಇದು.

ಮೆಕ್ಸಿಕೋದ ರೊಸಾರಿಟೊ ಕಡಲತೀರದಲ್ಲಿ ಹೆಚ್ಚುಕಡಿಮೆ ನಿಜವಾದ ಅಳತೆಯ ಹಡಗನ್ನೇ ಕಟ್ಟಿದರು. ಆದರೆ ಪೂರ್ತಿ ಮಾಡಿದ್ದು ಬಲಮಗ್ಗುಲು ಮಾತ್ರ. ಆ ಜಾಗದಲ್ಲಿ ಗಾಳಿ ಹೆಚ್ಚಾಗಿ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ಬಲಮಗ್ಗುಲು ಕಾಣುವ ಹಾಗೆ ಹಡಗು ನಿಲ್ಲಿಸಿದರೆ ಹೊಗೆ ತಾನಾಗಿಯೇ ಹಿಂದಕ್ಕೆ ಹೋಗುತ್ತದೆ, ಹಡಗು ಓಡುತ್ತಿದೆ ಅನ್ನಿಸುತ್ತದೆ. ಒಳ್ಳೆಯ ಲೆಕ್ಕ. ತೊಂದರೆ ಬಂದದ್ದು ಸೌತಾಂಪ್ಟನ್‌ನಿಂದ ಹೊರಡುವ ದೃಶ್ಯದಲ್ಲಿ. 1912ರಲ್ಲಿ ನಿಜವಾದ ಹಡಗು ಅಲ್ಲಿ ನಿಂತದ್ದು ಎಡಮಗ್ಗುಲನ್ನು ದಕ್ಕೆಗೆ ತಾಗಿಸಿ!

ಕಟ್ಟಿರದ ಮಗ್ಗುಲನ್ನು ತೋರಿಸುವುದು ಹೇಗೆ? ಎಲ್ಲವನ್ನೂ ತಿರುವುಮುರುವಾಗಿ ಶೂಟ್ ಮಾಡಿ, ಆಮೇಲೆ ಫಿಲ್ಮನ್ನೇ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿಬಿಟ್ಟರು. ಬೋರ್ಡ್‌ಗಳ ಅಕ್ಷರ ಉಲ್ಟಾ ಬರೆದರು. ಬಟ್ಟೆಗಳನ್ನು ಉಲ್ಟಾ ಹೊಲಿದರು. ಸ್ಕ್ರಿಪ್ಟ್‌ನಲ್ಲಿ ಬಲಕ್ಕೆ ನಡೆಯಬೇಕು ಅಂತಿದ್ದರೆ ನಟ ಎಡಕ್ಕೆ ನಡೆದ. ಸಾವಿರ ವಸ್ತುಗಳನ್ನು ಉಲ್ಟಾ ಮಾಡಿದವರಿಗೆ ಒಂದು ಮಚ್ಚೆ ತಪ್ಪಿಸಿಕೊಂಡಿತು. ನನ್ನ ಪ್ರಕಾರ ತಪ್ಪಿಸಿಕೊಳ್ಳದ ಉಳಿದ ಎಲ್ಲವೂ ದೊಡ್ಡ ಸುದ್ದಿ ಆಗಬೇಕಿತ್ತು.

ಚಿತ್ರ ಬರೆಯೋ ಕೈ ಜ್ಯಾಕ್‌ದಲ್ಲ, ವಯಸ್ಸಾದವರ ಕೈ ಥರ ಕಾಣುತ್ತೆ. ಯಾರದ್ದು?

ಕ್ಯಾಮರೂನ್ ಅವರದ್ದೇ. ಸಿನಿಮಾದಲ್ಲಿ ಕಾಣುವ ರೋಸ್‌ಳ ಚಿತ್ರವನ್ನು ಬರೆದವರೂ ಅವರೇ. ಅವರು ಎಡಗೈಯವರು, ಡಿಕಾಪ್ರಿಯೊ ಬಲಗೈಯವರು. ಹಾಗಾಗಿ ಇಲ್ಲೂ ಶಾಟ್ ತಿರುಗಿಸಿದ್ದಾರೆ.

ಜ್ಯಾಕ್ ಡಾಸನ್ ಅನ್ನೋನು ನಿಜವಾಗ್ಲೂ ಇದ್ದನಂತೆ, ಸಮಾಧಿನೂ ಇದೆಯಂತೆ?

ಕೆನಡಾದ ಹ್ಯಾಲಿಫ್ಯಾಕ್ಸ್‌ನ ಫೇರ್‌ವ್ಯೂ ಲಾನ್ ಸ್ಮಶಾನದಲ್ಲಿ ‘ಜೆ. ಡಾಸನ್’ ಅಂತ ಒಂದು ಕಲ್ಲಿದೆ, ಅಂಕಿ 227. ಸಿನಿಮಾ ಬಂದ ಮೇಲೆ ಅಲ್ಲಿ ಹೂವು ಇಡುವವರು ಶುರುವಾದರು. ಆತ ಜೋಸೆಫ್ ಡಾಸನ್, ಡಬ್ಲಿನ್ ಕಡೆಯವನು. ಬಾಯ್ಲರ್‌ಗಳಿಗೆ ಕಲ್ಲಿದ್ದಲು ಸಾಗಿಸುತ್ತಿದ್ದ ಕೆಲಸಗಾರ. ಚಿತ್ರ ಬರೆಯುತ್ತಿದ್ದ ಪ್ರಯಾಣಿಕನಲ್ಲ. ಸ್ಕ್ರಿಪ್ಟ್ ಬರೆದು ಮುಗಿಸುವವರೆಗೂ ಈ ಹೆಸರು ಗೊತ್ತಿರಲಿಲ್ಲ ಅಂತ ಕ್ಯಾಮರೂನ್ ಹೇಳಿದ್ದಾರೆ. ಜ್ಯಾಕ್, ರೋಸ್, ಅವಳನ್ನು ಮದುವೆಯಾಗಬೇಕಿದ್ದ ಕ್ಯಾಲ್, ಕಥೆಯಲ್ಲಿ ಬರುವ ನೀಲಿ ವಜ್ರ ಎಲ್ಲವೂ ಕಟ್ಟುಕಥೆ. ಕಟ್ಟುಕಥೆ ಅನ್ನುವುದು ತಪ್ಪಿನ ಲೆಕ್ಕಕ್ಕೆ ಬರುವುದಿಲ್ಲ.

ಹಡಗಿನ ಮುಂದಿನ ತುದಿಯಲ್ಲಿ ಕೈ ಚಾಚಿ ನಿಲ್ಲೋಕೆ ಪ್ರಯಾಣಿಕರನ್ನ ಬಿಡ್ತಿದ್ರಾ?

ಇಲ್ಲ. ಆ ಭಾಗ ಸಿಬ್ಬಂದಿಗೆ ಮಾತ್ರ. ಲಂಗರು, ಸರಪಳಿ, ಹಗ್ಗ ಎಳೆಯುವ ಯಂತ್ರ ಇರುವ ಜಾಗ ಅದು. ಮೊದಲ ದರ್ಜೆಯವರಿಗೂ ಅಲ್ಲಿಗೆ ಹೋಗಲು ಅನುಮತಿ ಇರಲಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಜನ ನಕಲು ಮಾಡಿದ ಪೋಸ್ ನಿಜವಾದ ಹಡಗಿನಲ್ಲಿ ಸಾಧ್ಯವೇ ಇರಲಿಲ್ಲ. ತಮಾಷೆ ಅಂದರೆ ಈ ತಪ್ಪಿನ ಬಗ್ಗೆ ಯಾರೂ ಸಿಟ್ಟಾಗುವುದಿಲ್ಲ.

ಆ ಹಲಗೆ ಮೇಲೆ ಇಬ್ಬರಿಗೂ ಜಾಗ ಇತ್ತಲ್ವಾ? ಜ್ಯಾಕ್ ಯಾಕೆ ಸಾಯಬೇಕಿತ್ತು?

ಹಡಗು ಮುಳುಗಿದ ಮೇಲೆ ರೋಸ್ ತೇಲುವ ಹಲಗೆಯೊಂದರ ಮೇಲೆ ಉಳಿಯುತ್ತಾಳೆ, ಜ್ಯಾಕ್ ನೀರಿನಲ್ಲೇ ಸಾಯುತ್ತಾನೆ. ಜಾಗ ಇತ್ತು, ಭಾರ ಹೊರುವ ಶಕ್ತಿ ಇರಲಿಲ್ಲ. ಈ ಎರಡೂ ಬೇರೆ ಬೇರೆ. ಸಿನಿಮಾದಲ್ಲೇ ಜ್ಯಾಕ್ ಒಮ್ಮೆ ಹತ್ತಲು ನೋಡುತ್ತಾನೆ, ಹಲಗೆ ಮಗುಚುತ್ತದೆ. ಜನ ಆ ಶಾಟ್ ಮರೆತುಬಿಡುತ್ತಾರೆ.

ಅಂದಹಾಗೆ ಅದು ಬಾಗಿಲಲ್ಲ. ಹ್ಯಾಲಿಫ್ಯಾಕ್ಸ್‌ನ ಸಾಗರ ವಸ್ತುಸಂಗ್ರಹಾಲಯದಲ್ಲಿ ಟೈಟಾನಿಕ್‌ನ ಮೊದಲ ದರ್ಜೆಯ ಲೌಂಜ್‌ನ ಬಾಗಿಲ ಮೇಲ್ಭಾಗದ ಕೆತ್ತನೆಯ ಮರದ ತುಂಡು ಇದೆ. ಅದನ್ನು ನೋಡಿ ಮಾಡಿದ್ದು. ಸಿನಿಮಾದಲ್ಲಿ ಬಳಸಿದ ಹಲಗೆ 2024ರ ಮಾರ್ಚ್‌ನಲ್ಲಿ ಹರಾಜಾಗಿ 7,18,750 ಡಾಲರ್‌ಗೆ ಹೋಯಿತು.

2012ರಲ್ಲಿ ‘ಮಿತ್‌ಬಸ್ಟರ್ಸ್’ ಕಾರ್ಯಕ್ರಮದವರು ಪರೀಕ್ಷೆ ಮಾಡಿ, ರೋಸ್‌ಳ ಲೈಫ್ ಜಾಕೆಟ್ಟನ್ನು ಹಲಗೆಯ ಕೆಳಗೆ ಕಟ್ಟಿದ್ದರೆ ಇಬ್ಬರೂ ತೇಲುತ್ತಿದ್ದರು ಅಂದರು. ಜೀವ ಹೋಗುವ ಚಳಿಯಲ್ಲಿ, ನೀರಿನ ಅಡಿಗೆ ಹೋಗಿ, ಮರಗಟ್ಟಿದ ಬೆರಳಲ್ಲಿ ಗಂಟು ಹಾಕಬೇಕು, ನೆನಪಿರಲಿ. ಆ ರಾತ್ರಿ ಸಮುದ್ರದ ನೀರು ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗಿತ್ತು. 2023ರಲ್ಲಿ ಕ್ಯಾಮರೂನ್ ತಾವೇ ನ್ಯಾಷನಲ್ ಜಿಯೋಗ್ರಾಫಿಕ್‌ಗಾಗಿ ಇಬ್ಬರು ಸ್ಟಂಟ್ ಕಲಾವಿದರನ್ನು ತಣ್ಣೀರಿಗೆ ಇಳಿಸಿ ನಾಲ್ಕು ಬಗೆಯಲ್ಲಿ ನೋಡಿದರು. ಇಬ್ಬರ ಎದೆಯ ಭಾಗವೂ ನೀರಿನಿಂದ ಮೇಲಿದ್ದು, ರೋಸ್ ತನ್ನ ಜಾಕೆಟ್ ಕೊಟ್ಟಿದ್ದರೆ ಜ್ಯಾಕ್ ದೋಣಿ ಬರುವವರೆಗೆ ಉಳಿಯುವ ಸಾಧ್ಯತೆ ಇತ್ತು ಅಂತ ಒಪ್ಪಿಕೊಂಡರು.

ಆದರೂ ಇದು ಸಿನಿಮಾದ ತಪ್ಪಲ್ಲ. ಇಪ್ಪತ್ತು ವರ್ಷದ ಹುಡುಗನೊಬ್ಬ ಕತ್ತಲಲ್ಲಿ, ಗಾಬರಿಯಲ್ಲಿ ನಾಲ್ಕು ಪ್ರಯೋಗ ಮಾಡಿ ನೋಡಲಿಲ್ಲ ಅಷ್ಟೇ.

## ಕಾಲದ ತಪ್ಪುಗಳು

ಜ್ಯಾಕ್ ಮೀನು ಹಿಡಿದ ಕೆರೆ ಆಗ ಇರಲೇ ಇಲ್ಲ ಅಂತಾರೆ. ಹೌದಾ?

ಹೌದು, ಇದು ಪಕ್ಕಾ ತಪ್ಪು. ಜ್ಯಾಕ್ ತಾನು ವಿಸ್ಕಾನ್ಸಿನ್‌ನ ಚಿಪ್ಪೆವಾ ಫಾಲ್ಸ್‌ನವನು ಅನ್ನುತ್ತಾನೆ. ಅಪ್ಪನ ಜೊತೆ ವಿಸೋಟಾ ಕೆರೆಯಲ್ಲಿ ಹಿಮ ಕೊರೆದು ಮೀನು ಹಿಡಿಯುವಾಗ ನೀರಿಗೆ ಬಿದ್ದೆ, ತಣ್ಣೀರು ಎಷ್ಟು ಕೆಟ್ಟದ್ದು ಅಂತ ನನಗೆ ಗೊತ್ತು ಅಂತ ರೋಸ್‌ಗೆ ಹೇಳುತ್ತಾನೆ. ಊರು ನಿಜ, ಕೆರೆಯೂ ನಿಜ. ಆದರೆ ಅದು ಜಲವಿದ್ಯುತ್ತಿಗಾಗಿ ಚಿಪ್ಪೆವಾ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು. ತುಂಬಿದ್ದು 1917ರಲ್ಲಿ, ಹಡಗು ಮುಳುಗಿ ಐದು ವರ್ಷವಾದ ಮೇಲೆ. ಲಿಂಗನಮಕ್ಕಿ ಕಟ್ಟುವ ಮೊದಲೇ ಶರಾವತಿ ಹಿನ್ನೀರಲ್ಲಿ ದೋಣಿ ಬಿಟ್ಟೆ ಅಂದ ಹಾಗೆ.

ನಕ್ಷೆ ನೋಡಿ ಬರೆದರೆ ಆಗುವುದು ಹೀಗೆ. ಇವತ್ತಿನ ನಕ್ಷೆಯಲ್ಲಿ ಆ ಊರಿನ ಪಕ್ಕ ದೊಡ್ಡದಾಗಿ ಕಾಣುವುದು ಅದೇ ಕೆರೆ. ಅದು ಯಾವಾಗ ಬಂತು ಅಂತ ಕೇಳಬೇಕು ಅನ್ನಿಸುವುದೇ ಇಲ್ಲ. ಈ ಒಂದು ಸಾಲಿನಿಂದ ಜ್ಯಾಕ್ ಭವಿಷ್ಯದಿಂದ ಬಂದವನು ಅಂತ ವಾದ ಕಟ್ಟುವವರೂ ಇದ್ದಾರೆ. ಕಟ್ಟಲಿ ಬಿಡಿ, ಮಜಾ ಇದೆ.

ಸಾಂಟಾ ಮೋನಿಕಾ ರೋಲರ್ ಕೋಸ್ಟರ್ ಕಥೆನೂ ಹಾಗೇನಾ?

ಅರ್ಧ. ಸಾಂಟಾ ಮೋನಿಕಾ ಪಿಯರ್ 1909ರಲ್ಲೇ ತೆರೆಯಿತು. ಹಾಗಾಗಿ ಜ್ಯಾಕ್ ಅಲ್ಲಿ ಹತ್ತು ಸೆಂಟಿಗೆ ಚಿತ್ರ ಬರೆದುಕೊಡುತ್ತಿದ್ದ ಅನ್ನುವುದರಲ್ಲಿ ತೊಂದರೆ ಇಲ್ಲ. ಆದರೆ ಆಟದ ಸಾಮಾನು, ರೋಲರ್ ಕೋಸ್ಟರ್ ಎಲ್ಲ ಅದರ ಮಗ್ಗುಲಲ್ಲಿ ಬಂದದ್ದು 1916ರಲ್ಲಿ. ಅದಕ್ಕೂ ಮುಂಚೆ ಹತ್ತಿರದ ಬೇರೆ ಕಡಲತೀರಗಳಲ್ಲಿ ಅಂಥ ಆಟಗಳಿದ್ದವು. ಜ್ಯಾಕ್ ಎರಡನ್ನೂ ಸೇರಿಸಿ ಹೇಳಿದ ಅಂತ ಬಿಟ್ಟುಬಿಡಬಹುದು.

ಪಿಕಾಸೋ ಚಿತ್ರ ಮುಳುಗಿಹೋಗುತ್ತಲ್ಲ, ಅದು ಈಗಲೂ ಇದೆಯಲ್ವಾ?

ಇದೆ. ರೋಸ್ ತನ್ನ ಕೋಣೆಯಲ್ಲಿ ಬಿಚ್ಚಿಡುವ ಚಿತ್ರಗಳಲ್ಲಿ ಪಿಕಾಸೋ 1907ರಲ್ಲಿ ಬರೆದ ‘ಆವಿನ್ಯೊಂ ಹುಡುಗಿಯರು’ ಹಾಗೆಯೇ ಇರುವ ಒಂದು ಇದೆ. ಅಸಲಿ ಚಿತ್ರ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಗೋಡೆಯ ಮೇಲಿದೆ. 1912ರಲ್ಲಿ ಅದಿನ್ನೂ ಪಿಕಾಸೋನ ಹತ್ತಿರವೇ ಇತ್ತು. ಜನರಿಗೆ ಮೊದಲ ಸಲ ತೋರಿಸಿದ್ದೇ 1916ರಲ್ಲಿ.

ಇದು ಅಜ್ಞಾನ ಅಲ್ಲ. ಆ ಚಿತ್ರ ಇರುವುದು ಒಂದೇ ಕಾರಣಕ್ಕೆ. ಈ ಪಿಕಾಸೋ ಮುಂದೆ ಬರೋದಿಲ್ಲ ಅಂತ ಕ್ಯಾಲ್ ಹೇಳಬೇಕು, ನಾವು ನಗಬೇಕು. ನನಗೆ ಈ ಜೋಕ್ ಸ್ವಲ್ಪ ಅಗ್ಗ ಅನ್ನಿಸುತ್ತದೆ. ಅದಕ್ಕಾಗಿ ಇಷ್ಟು ದೊಡ್ಡ ಸುಳ್ಳು ಬೇಕಿರಲಿಲ್ಲ.

ಮಾಲಿ ಬ್ರೌನ್ ನಿಜವಾದವಳೇ ತಾನೆ? ಅವಳಲ್ಲಿ ಏನು ತಪ್ಪು?

ನಿಜವಾದವಳು, ಹಡಗಿನಲ್ಲಿದ್ದ ಅಮೆರಿಕದ ಶ್ರೀಮಂತ ಪ್ರಯಾಣಿಕೆ. ಹೆಸರು ಮಾರ್ಗರೆಟ್ ಬ್ರೌನ್. ಹತ್ತಿರದವರು ‘ಮ್ಯಾಗಿ’ ಅನ್ನುತ್ತಿದ್ದರು. ‘ಮಾಲಿ’ ಅನ್ನುವುದು ಅವಳು ತೀರಿಕೊಂಡ ಎಷ್ಟೋ ವರ್ಷದ ಮೇಲೆ, 1960ರ ಒಂದು ಸಂಗೀತ ನಾಟಕದಿಂದ ಊರೆಲ್ಲ ಹಬ್ಬಿದ ಹೆಸರು. ಫ್ರಾನ್ಸ್‌ನ ಶೆರ್ಬೂರ್‌ನಲ್ಲಿ ಹಡಗು ಹತ್ತಿದ್ದು ಮಾತ್ರ ಸರಿಯಾಗಿಯೇ ಇದೆ.

## ಹಡಗು, ಆಕಾಶ, ಬೆಳಕು

ನಕ್ಷತ್ರಗಳ ಗಲಾಟೆ ಏನದು? ವಿಜ್ಞಾನಿ ಒಬ್ಬರು ಹಿಡಿದರಂತೆ?

ಅಮೆರಿಕದ ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್. ಹಲಗೆಯ ಮೇಲೆ ಮಲಗಿ ರೋಸ್ ಆಕಾಶ ನೋಡುವ ಶಾಟ್ ಇದೆಯಲ್ಲ, ಅದರಲ್ಲಿನ ನಕ್ಷತ್ರಗಳು ಆ ದಿನದವಲ್ಲ. ಅಷ್ಟೇ ಆಗಿದ್ದರೆ ಸುಮ್ನೆ ಇರಬಹುದಿತ್ತು. ಎಡ ಅರ್ಧದ ಆಕಾಶ ಬಲ ಅರ್ಧದ ಕನ್ನಡಿ ಪ್ರತಿ! ಅರ್ಧ ಮಾಡಿ ತಿರುಗಿಸಿ ಅಂಟಿಸಿದ್ದರು.

ಟೈಸನ್‌ರ ವಾದದಲ್ಲಿ ತೂಕ ಇದೆ. ದಿನ ಗೊತ್ತು, ಗಂಟೆ ಗೊತ್ತು, ಹಡಗು ಇದ್ದ ಜಾಗದ ಅಕ್ಷಾಂಶ ರೇಖಾಂಶವೂ ಗೊತ್ತು. ಈ ಮೂರು ಇದ್ದರೆ ಆಕಾಶ ಒಂದೇ. ಊಹೆಗೆ ಜಾಗವೇ ಇಲ್ಲ. ತಟ್ಟೆ, ಚಮಚದ ಮೇಲೂ ಕಂಪನಿಯ ಗುರುತು ಹಾಕಿಸಿದ ನಿರ್ದೇಶಕ ತಲೆ ಎತ್ತಿ ನೋಡಲಿಲ್ಲ ಅಂದರೆ ಹೇಗೆ ಅಂತ ಅವರ ಪ್ರಶ್ನೆ. ಎದುರಿಗೆ ಸಿಕ್ಕಾಗ ಕ್ಯಾಮರೂನ್, ಸಿನಿಮಾ ನೂರು ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿದೆ, ಆಕಾಶ ಸರಿ ಇದ್ದಿದ್ದರೆ ಇನ್ನೆಷ್ಟು ಗಳಿಸುತ್ತಿತ್ತೋ ಅಂತ ಚುಚ್ಚಿದರು ಎಂದು ಟೈಸನ್ ಅವರೇ ನಗುತ್ತಾ ಹೇಳಿಕೊಂಡಿದ್ದಾರೆ.

ಕೊನೆಗೆ ಗೆದ್ದದ್ದು ಟೈಸನ್. 2012ರಲ್ಲಿ ಸಿನಿಮಾ ತ್ರೀಡಿಯಲ್ಲಿ ಮತ್ತೆ ಬಿಡುಗಡೆ ಆಗುವಾಗ ಕ್ಯಾಮರೂನ್ ಆ ಹೊತ್ತಿನ ಸರಿಯಾದ ಆಕಾಶ ಕಳಿಸಿ ಅಂದರು. ಬೆಳಗಿನ ಜಾವ 4 ಗಂಟೆ 20 ನಿಮಿಷದ್ದು. ಆ ಶಾಟ್ ಬದಲಾಯಿತು, ಉಳಿದ ಸಿನಿಮಾ ಇದ್ದ ಹಾಗೇ ಬಂತು. ನಿಮ್ಮ ಬಳಿ ಅದಕ್ಕಿಂತ ಹಳೆಯ ಡಿವಿಡಿ ಇದ್ದರೆ ಕನ್ನಡಿ ಆಕಾಶ ಅದರಲ್ಲಿ ಸಿಗುತ್ತದೆ.

ನಡುರಾತ್ರಿ ಸಮುದ್ರದ ಮಧ್ಯೆ ಅಷ್ಟೊಂದು ಬೆಳಕು ಎಲ್ಲಿಂದ ಬಂತು?

ಲೈಟಿಂಗ್‌ನವರಿಂದ. ನಿಜವಾಗಿ 1912ರ ಏಪ್ರಿಲ್ 17ಕ್ಕೆ ಅಮಾವಾಸ್ಯೆ, ಸೂರ್ಯಗ್ರಹಣ ಬೇರೆ. ಅಂದರೆ ಹಡಗು ಮುಳುಗಿದ 15ರ ಆ ರಾತ್ರಿ 2 ಗಂಟೆ 20 ನಿಮಿಷಕ್ಕೆ ಚಂದ್ರ ಇರಲೇ ಇಲ್ಲ. ದೀಪಗಳು ಆರಿದ ಮೇಲೆ ನಕ್ಷತ್ರ ಬಿಟ್ಟರೆ ಕಗ್ಗತ್ತಲು. ಅದನ್ನೇ ತೋರಿಸಿದರೆ ನಾವು ಕಪ್ಪು ಪರದೆ ನೋಡುತ್ತಾ ಕಿರುಚಾಟ ಕೇಳಬೇಕಾಗುತ್ತಿತ್ತು.

ಹಡಗಿನ ಅಧಿಕಾರಿ ಲೋವ್ ಜೀವರಕ್ಷಕ ದೋಣಿಯಲ್ಲಿ ಟಾರ್ಚ್ ಹಿಡಿದು ಹೆಣಗಳ ನಡುವೆ ಹುಡುಕುವುದೂ ಹೀಗೆಯೇ. ಅಂಥ ಟಾರ್ಚ್ ಆ ದೋಣಿಯಲ್ಲಿ ಇರಲಿಲ್ಲ. ಗೊತ್ತಿದ್ದೇ ಹಾಕಿದೆ, ಬೆಳಕಿಗೆ ಏನಾದರೂ ನೆಪ ಬೇಕಿತ್ತು ಅಂತ ಕ್ಯಾಮರೂನ್ ಹೇಳಿದ್ದಾರೆ. ನಟರ ಬಾಯಿಂದ ಬರುವ ಚಳಿಯ ಹಬೆಯೂ ಕಂಪ್ಯೂಟರಿನದು.

ಮಂಜುಗಡ್ಡೆ ಕಂಡಾಗ ಬಲಕ್ಕೆ ತಿರುಗಿಸು ಅಂತ ಆರ್ಡರ್ ಕೊಡ್ತಾರೆ, ಹಡಗು ಎಡಕ್ಕೆ ಹೋಗುತ್ತೆ. ಇಷ್ಟು ದೊಡ್ಡ ತಪ್ಪಾ?

ತಪ್ಪೇ ಅಲ್ಲ. ಈ ಪ್ರಶ್ನೆ ಕೇಳಿದವರನ್ನು ನಾನು ಮೆಚ್ಚುತ್ತೇನೆ, ಯಾಕೆಂದರೆ ಗಮನ ಇಟ್ಟು ನೋಡಿದ್ದಾರೆ. ಹಳೆಯ ಕಾಲದ ಹಡಗುಗಳಲ್ಲಿ ಚುಕ್ಕಾಣಿಗೆ ಒಂದು ಉದ್ದನೆಯ ಹಿಡಿ ಇರುತ್ತಿತ್ತು. ಹಿಡಿಯನ್ನು ಬಲಕ್ಕೆ ತಳ್ಳಿದರೆ ಹಡಗಿನ ಮೂತಿ ಎಡಕ್ಕೆ ತಿರುಗುತ್ತದೆ. ಚಕ್ರ ಬಂದ ಮೇಲೂ ಬ್ರಿಟಿಷ್ ಹಡಗುಗಳಲ್ಲಿ ಆಜ್ಞೆ ಮಾತ್ರ ಹಿಡಿಯ ಲೆಕ್ಕದಲ್ಲೇ ಉಳಿಯಿತು. ‘ಹಾರ್ಡ್ ಎ ಸ್ಟಾರ್‌ಬೋರ್ಡ್’ ಅಂದರೆ ಹಿಡಿ ಬಲಕ್ಕೆ, ಹಡಗು ಎಡಕ್ಕೆ. ಈ ಪದ್ಧತಿ ಹೋದದ್ದು 1930ರ ದಶಕದ ಶುರುವಿನಲ್ಲಿ. ಸಿನಿಮಾ ಇಲ್ಲಿ ನೂರಕ್ಕೆ ನೂರು ಸರಿ.

ಹಡಗು ಎರಡು ತುಂಡಾಗಿದ್ದು ನಿಜನಾ? ಹಳೆ ಸಿನಿಮಾದಲ್ಲಿ ಇಡಿಯಾಗೇ ಮುಳುಗುತ್ತಲ್ಲ?

1912ರಲ್ಲಿ ಬದುಕುಳಿದ ಕೆಲವರು ಹಡಗು ಮುರಿಯಿತು ಅಂದರು, ಇನ್ನು ಕೆಲವರು ಇಲ್ಲ ಅಂದರು. ವಿಚಾರಣೆ ನಡೆಸಿದವರು ಇಡಿಯಾಗಿ ಮುಳುಗಿತು ಅಂತ ನಂಬಿದರು. ಇದೇ ದುರಂತದ ಬಗ್ಗೆ 1958ರಲ್ಲಿ ಬಂದ ಬ್ರಿಟಿಷ್ ಸಿನಿಮಾ ‘ಎ ನೈಟ್ ಟು ರಿಮೆಂಬರ್’ ಅದನ್ನೇ ತೋರಿಸಿತು. ಆಗ ತಿಳಿದಿದ್ದ ಮಟ್ಟಿಗೆ ಅದು ತಪ್ಪಲ್ಲ. 1985ರ ಸೆಪ್ಟೆಂಬರ್ 1ರಂದು ಸುಮಾರು 3,800 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಿತು. ಮುಂಭಾಗ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ ಬಿದ್ದಿದ್ದವು. ಅಲ್ಲಿಗೆ ಜಗಳ ಮುಗಿಯಿತು.

ಕ್ಯಾಮರೂನ್ 1995ರಲ್ಲಿ ಅವಶೇಷದ ಬಳಿಗೆ 12 ಸಲ ಇಳಿದು ನೋಡಿ ಬಂದವರು. ಆದರೂ ಸಿನಿಮಾದಲ್ಲಿ ಹಿಂಭಾಗ ಆಕಾಶಕ್ಕೆ ಎದ್ದು ನಿಲ್ಲುವ ಕೋನ ಜಾಸ್ತಿಯಾಯಿತು. ಉಕ್ಕು ಅಷ್ಟು ಎತ್ತರಕ್ಕೆ ಏಳುವ ಮುಂಚೆಯೇ ಮುರಿದಿರಬೇಕು ಅಂತ ಆಮೇಲಿನ ಲೆಕ್ಕಾಚಾರಗಳು ಹೇಳಿದವು. ಕ್ಯಾಮರೂನ್ ಕೂಡ 2012ರ ಸಾಕ್ಷ್ಯಚಿತ್ರವೊಂದರಲ್ಲಿ ತಜ್ಞರನ್ನು ಕೂರಿಸಿಕೊಂಡು ತಮ್ಮದೇ ದೃಶ್ಯವನ್ನು ತಿದ್ದಿದರು.

ಸೆಟ್ ಪೂರ್ತಿ ಅಸಲಿ ಅಳತೆದೇ ಅಂತಾರಲ್ಲ?

ಹೆಚ್ಚುಕಡಿಮೆ. ನಿಜವಾದ ಹಡಗು 882 ಅಡಿ, ಸೆಟ್ 775 ಅಡಿ. ಒಂದೇ ಥರ ಇದ್ದ ಕೆಲವು ಭಾಗಗಳನ್ನು ಮಧ್ಯೆ ತೆಗೆದುಹಾಕಿದರು. ಉದ್ದ ಕಡಿಮೆಯಾದದ್ದು ಕಣ್ಣಿಗೆ ಗೊತ್ತಾಗದಿರಲಿ ಅಂತ ಹೊಗೆಕೊಳವೆ, ದೋಣಿಗಳನ್ನೂ ಹತ್ತು ಪರ್ಸೆಂಟ್ ಚಿಕ್ಕದು ಮಾಡಿದರು. ದೊಡ್ಡ ಮೆಟ್ಟಿಲು ಮಾತ್ರ ಅಸಲಿಗಿಂತ ಅಗಲ. ಆ ಮೆಟ್ಟಿಲಿನ ಸೆಟ್‌ಗೆ ನೀರು ನುಗ್ಗಿಸಿದಾಗ ಅದು ಬುಡದಿಂದ ಕಿತ್ತು ತೇಲಿತು. ಅವಶೇಷದಲ್ಲಿ ಮೆಟ್ಟಿಲಿದ್ದ ಕಡೆ ಈಗ ಬರೀ ಗುಂಡಿ ಇದೆ. ನಿಜವಾದದ್ದೂ ಹೀಗೇ ತೇಲಿಹೋಗಿರಬೇಕು ಅಂತ ಕ್ಯಾಮರೂನ್ ಊಹಿಸಿದ್ದು ಇದರಿಂದಲೇ.

## ಇತಿಹಾಸದ ಕಷ್ಟದ ಪ್ರಶ್ನೆಗಳು

ಜೋರಾಗಿ ಓಡಿಸಿ ಅಂತ ಇಸ್ಮೇ ಕ್ಯಾಪ್ಟನ್‌ಗೆ ಹೇಳಿದ್ದು ನಿಜವಾ, ಕಥೆನಾ?

ಹಡಗು ಕಂಪನಿಯ ಬ್ರೂಸ್ ಇಸ್ಮೇ ಕ್ಯಾಪ್ಟನ್ ಸ್ಮಿತ್ ಜೊತೆ ವೇಗದ ಬಗ್ಗೆ ಮಾತಾಡುತ್ತಿದ್ದುದನ್ನು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ ಅಂತ ಎಲಿಜಬೆತ್ ಲೈನ್ಸ್ ಎಂಬ ಪ್ರಯಾಣಿಕೆ ಸಾಕ್ಷಿ ಹೇಳಿದ್ದಳು. ಇಸ್ಮೇ ತಾನು ಒತ್ತಡ ಹಾಕಿಲ್ಲ ಅಂದ. ಸಿನಿಮಾ ಸಾಕ್ಷಿಯ ಕಡೆ ನಿಂತು, ಅದಕ್ಕೆ ಸ್ವಲ್ಪ ಖಾರ ಹಚ್ಚಿತು. ಅಟ್ಲಾಂಟಿಕ್ ದಾಟುವ ವೇಗದ ದಾಖಲೆ ಮುರಿಯಲು ಹೊರಟಿದ್ದರು ಅಂತ ಕೆಲವರು ಹೇಳುತ್ತಾರೆ. ಅದು ಆಗದ ಮಾತು. ಆ ದಾಖಲೆ ಇದ್ದ ಮಾರಿಟೇನಿಯಾ ಹಡಗಿನ ವೇಗ ಟೈಟಾನಿಕ್‌ಗೆ ಎಟುಕುತ್ತಲೇ ಇರಲಿಲ್ಲ.

ಒಂದೇ ದೋಣಿ ವಾಪಸ್ ಬಂತು, ಆರು ಜನ ಉಳಿದರು ಅಂತ ಮುದುಕಿ ರೋಸ್ ಹೇಳ್ತಾಳೆ. ಸರಿಯಾ?

ಪೂರ್ತಿ ಸರಿ ಅಲ್ಲ. ಜನರನ್ನು ಹುಡುಕಲೆಂದೇ ತಿರುಗಿ ಹೋದದ್ದು ಲೋವ್‌ನ 14ನೇ ನಂಬರಿನ ದೋಣಿ. ಅದು ನೀರಿನಿಂದ ಎತ್ತಿದ್ದು ನಾಲ್ವರನ್ನು, ಅವರಲ್ಲಿ ಒಬ್ಬ ಉಳಿಯಲಿಲ್ಲ. ಆದರೆ ಹಡಗಿನ ಹತ್ತಿರವೇ ಇದ್ದ 4ನೇ ದೋಣಿಯೂ ಕೆಲವರನ್ನು ನೀರಿನಿಂದ ಮೇಲೆತ್ತಿತು. ಮಗುಚಿದ ಮಡಚುವ ದೋಣಿಯ ಬೆನ್ನ ಮೇಲೆ ರಾತ್ರಿಯೆಲ್ಲ ನಿಂತು ಉಳಿದವರೂ ಇದ್ದಾರೆ. ಸತ್ತವರು ಸುಮಾರು 1,500. ದೋಣಿಗಳು 20, ಅವುಗಳಲ್ಲಿ ಹಿಡಿಯುವುದು 1,178 ಜನ. ಈ ಅಂಕಿಗಳನ್ನು ಸಿನಿಮಾ ತಿರುಚಿಲ್ಲ.

ಆಫೀಸರ್ ಮರ್ಡಾಕ್ ಲಂಚ ತಗೊಂಡು, ಗುಂಡು ಹಾರಿಸಿ, ತಾನೂ ಸತ್ತಿದ್ದು ನಿಜನಾ?

ಈ ಸಿನಿಮಾದಲ್ಲಿ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ತಪ್ಪು ಒಂದಿದ್ದರೆ ಅದು ಇದು. ಮಚ್ಚೆ, ಹಲಗೆ, ನಕ್ಷತ್ರಗಳಿಂದ ಯಾರಿಗೂ ನೋವಾಗಲಿಲ್ಲ. ಇದರಿಂದ ಆಯಿತು.

ವಿಲಿಯಂ ಮರ್ಡಾಕ್ ಹಡಗಿನ ಫಸ್ಟ್ ಆಫೀಸರ್, ಸ್ಕಾಟ್ಲೆಂಡಿನ ಡಾಲ್ಬೀಟಿ ಊರಿನವನು. ಆ ರಾತ್ರಿ ಬಲಮಗ್ಗುಲಿನ ದೋಣಿಗಳನ್ನು ಇಳಿಸುತ್ತಾ ಹೋದ. ಹೆಂಗಸರು ಸಿಗದಿದ್ದಾಗ ಗಂಡಸರನ್ನೂ ಹತ್ತಿಸಿದ. ಹಾಗಾಗಿ ಎಷ್ಟೋ ಜನ ಉಳಿದದ್ದು ಅವನಿಂದ. ಒಬ್ಬ ಅಧಿಕಾರಿ ಗುಂಡು ಹಾರಿಸಿ ತಾನೂ ಹೊಡೆದುಕೊಂಡ ಅಂತ ಬದುಕಿ ಬಂದ ಕೆಲವರು ಹೇಳಿದ್ದು ಹೌದು. ಅದು ಯಾರು, ಅಥವಾ ಹಾಗೆ ಆಯಿತೇ ಅನ್ನುವುದು ಸಾಬೀತಾಗಲೇ ಇಲ್ಲ. ಸೆಕೆಂಡ್ ಆಫೀಸರ್ ಲೈಟೋಲರ್, ಮರ್ಡಾಕ್ ಹಾಗೆ ಸಾಯಲಿಲ್ಲ ಅಂತ ಬರೆದಿದ್ದಾನೆ. ಕ್ಯಾಲ್ ಕೊಡುವ ಲಂಚವಂತೂ ಪೂರ್ತಿ ಕಲ್ಪನೆ, ಯಾಕೆಂದರೆ ಕ್ಯಾಲ್ ಅನ್ನುವವನೇ ಇರಲಿಲ್ಲ. ಸಿನಿಮಾದಲ್ಲಿ ಮರ್ಡಾಕ್ ಆ ದುಡ್ಡನ್ನು ವಾಪಸ್ ಎಸೆಯುತ್ತಾನೆ, ಸರಿ. ಆದರೆ ನೆನಪಲ್ಲಿ ಉಳಿಯುವುದು ಗುಂಡು.

ಡಾಲ್ಬೀಟಿಯವರು ಸುಮ್ಮನೆ ಕೂರಲಿಲ್ಲ. ಅವನ ಕುಟುಂಬದವರೂ ಪ್ರತಿಭಟಿಸಿದರು. 1998ರ ಏಪ್ರಿಲ್‌ನಲ್ಲಿ ಸ್ಟುಡಿಯೋದ ಹಿರಿಯ ಅಧಿಕಾರಿ ಆ ಊರಿಗೆ ಹೋಗಿ ಕ್ಷಮೆ ಕೇಳಿ, ಮರ್ಡಾಕ್ ಹೆಸರಿನ ಬಹುಮಾನ ನಿಧಿಗೆ ಅಲ್ಲಿನ ಹೈಸ್ಕೂಲಿಗೆ 5,000 ಪೌಂಡ್ ಕೊಟ್ಟರು. ನಿಜವಾದ ಹೆಸರು ಹಾಕಬಾರದಿತ್ತು ಅಂತ ಕ್ಯಾಮರೂನ್ ಕೂಡ ಆಮೇಲೆ ಒಪ್ಪಿಕೊಂಡರು. 2012ರಲ್ಲಿ ನಕ್ಷತ್ರ ತಿದ್ದಿದರು. ಈ ದೃಶ್ಯ ಹಾಗೆಯೇ ಉಳಿಯಿತು.

ಬ್ಯಾಂಡ್‌ನವರು ಕೊನೆಗೆ ನುಡಿಸೋ ಟ್ಯೂನ್ ಸರಿಯಾದ್ದೇನಾ?

ಎಂಟೂ ಜನ ವಾದ್ಯಗಾರರು ಸತ್ತರು, ಹಾಗಾಗಿ ಕೊನೆಯ ಟ್ಯೂನ್ ಯಾವುದು ಅನ್ನುವುದಕ್ಕೆ ಅವರದೇ ಸಾಕ್ಷಿ ಇಲ್ಲ. ಕೆಲವರು ‘ನಿಯರರ್ ಮೈ ಗಾಡ್ ಟು ದೀ’ ಎಂಬ ಪ್ರಾರ್ಥನೆ ಕೇಳಿದೆವು ಅಂದರು. ವೈರ್‌ಲೆಸ್ ಆಪರೇಟರ್ ಹೆರಾಲ್ಡ್ ಬ್ರೈಡ್ ‘ಆಟಮ್’ ಎಂಬ ಟ್ಯೂನ್ ಅಂದ. ಪ್ರಾರ್ಥನೆಯೇ ಅಂತ ಇಟ್ಟುಕೊಂಡರೂ ಒಂದು ತೊಡಕಿದೆ. ಆ ಪದಗಳಿಗೆ ಬೇರೆ ಬೇರೆ ರಾಗಗಳಿವೆ. ಸಿನಿಮಾದಲ್ಲಿರುವುದು ಅಮೆರಿಕದಲ್ಲಿ ಹಾಡುವ ‘ಬೆಥನಿ’. ಬ್ಯಾಂಡಿನ ಮುಖ್ಯಸ್ಥ ವಾಲೆಸ್ ಹಾರ್ಟ್ಲಿ ಇಂಗ್ಲೆಂಡಿನ ಮೆಥಡಿಸ್ಟ್ ಪಂಗಡದವನು. ಅವರ ಕಡೆ ರೂಢಿಯಲ್ಲಿದ್ದದ್ದು ಬೇರೆ ರಾಗ. 1958ರ ಸಿನಿಮಾ ಇನ್ನೂ ಒಂದು ಬೇರೆಯದನ್ನು ಬಳಸಿತು.

ನಾನೂ ಒಂದು ತಪ್ಪು ಹಿಡಿದಿದ್ದೀನಿ. ಅದು ನಿಜವಾಗ್ಲೂ ತಪ್ಪೇ ಅಂತ ಹೇಗೆ ಗೊತ್ತು ಮಾಡಿಕೊಳ್ಳಲಿ?

ಮೊದಲು ಹಿಂದಿನ ಶಾಟ್ ಮತ್ತೆ ನೋಡಿ. ಎರಡು ಶಾಟ್‌ಗಳ ನಡುವೆ ಕಥೆಯಲ್ಲಿ ಸಮಯ ಹೋಗಿದ್ದರೆ ಲೋಟ ತುಂಬಿರಬಹುದು, ಕೂದಲು ಒಣಗಿರಬಹುದು. ಟೀವಿಯಲ್ಲಿ ನೋಡಿದ್ದಾದರೆ ಜಾಸ್ತಿ ಎಚ್ಚರ ಬೇಕು. ಜಾಹೀರಾತಿಗಾಗಿ ಕತ್ತರಿಸಿದ ಪ್ರತಿಯಲ್ಲಿ ಮಧ್ಯದ ಶಾಟ್ ಹಾರಿಹೋಗಿರುತ್ತದೆ, ಆ ತಪ್ಪು ಚಾನೆಲ್‌ನವರದು.

ಇತಿಹಾಸದ ವಿಷಯವಾದರೆ ಆ ವಸ್ತುವೋ ಊರೋ ಯಾವ ವರ್ಷದಿಂದ ಇದೆ ಅಂತ ಹುಡುಕಿ. ಆಮೇಲೆ ಆ ಮಾತನ್ನು ಹೇಳಿದವರು ಯಾರು ಅಂತ ನೋಡಿ. ಈ ಸಿನಿಮಾದಲ್ಲಿ ನಾವು ನೋಡುವ 1912 ಪೂರ್ತಿಯಾಗಿ ನೂರು ದಾಟಿದ ಮುದುಕಿಯೊಬ್ಬಳು 84 ವರ್ಷದ ಮೇಲೆ ಹೇಳುತ್ತಿರುವ ಕಥೆ. ವಿಸೋಟಾ ಕೆರೆಯ ಹೆಸರನ್ನು ಅವಳೇ ಆಮೇಲೆಲ್ಲೋ ಕೇಳಿ ಸೇರಿಸಿರಬಹುದು ಅಂತ ಯಾರಾದರೂ ವಾದಿಸಿದರೆ, ಅದಕ್ಕೆ ನನ್ನ ಬಳಿ ಉತ್ತರ ಇಲ್ಲ.